ಇಬ್ಬರೂ ಎದ್ದ ಜಗಲಿ

ಸತ್ತವರ ಮಾತು ಇನ್ನೊಮ್ಮೆ ಕಿವಿಗೆ ಬೀಳುವಂತಿದ್ದರೆ ಎಂದು ಹಂಬಲಿಸದ ಮನೆ ಯಾವುದಿದೆ? ಆ ಹಂಬಲ ಈಡೇರುವ ಕಾಲವೂ ಬಂತು. ಅದರ ಹಿಂದೆಯೇ ಒಂದು ಕಚೇರಿ ಬಂತು, ಒಂದು ಕಾನೂನು ಬಂತು, ಕಚೇರಿಗೆ ಮಧ್ಯಾಹ್ನದ ಊಟದ ಬಿಡುವೂ ಬಂತು. ಗದಗಿನ ಹೊರಗೆ, ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುವ ಎರೆ ಹೊಲಗಳ ನಡುವೆ, ಕಿಟಕಿಗಳಿಲ್ಲದ ಉದ್ದನೆಯ ಕಟ್ಟಡವೊಂದು ಎದ್ದು ನಿಂತಿತು. ಸುತ್ತಲಿನ ಜಿಲ್ಲೆಗಳ ಜನರ ನೆನಪೆಲ್ಲ ಅದರೊಳಗಿನ ಸರ್ವರ್‌ಗಳಲ್ಲಿ. ಸರ್ಕಾರ ಅದಕ್ಕೆ ಉದ್ದುದ್ದ ಹೆಸರು ಕೊಟ್ಟಿತ್ತು. ಹಿಂದಿನವರು ನೆಲದಡಿ ಜೋಳ ತುಂಬಿಡುತ್ತಿದ್ದ ಹಗೇವಿನ ಹೆಸರನ್ನೇ ಜನ ಇದಕ್ಕೂ ಇಟ್ಟು ಕೈತೊಳೆದುಕೊಂಡರು.

ಹಗೇವಿನ ಲೆಕ್ಕಾಚಾರ ಅಂಥ ಕಷ್ಟದ್ದೇನಲ್ಲ. ಕಿವಿಯ ಹಿಂದೆ ಕಡಲೆಬೇಳೆಯಷ್ಟು ಬಿಲ್ಲೆ. ಅದನ್ನು ಹಾಕಿಸಿಕೊಂಡವರು ಕಂಡದ್ದು, ಕೇಳಿದ್ದು ಎಲ್ಲ ಹಗೇವಿಗೆ ಹೋಗುತ್ತದೆ. ಅಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಪ್ರೊಸೆಸ್. ಊರಿನವರ ಬಾಯಲ್ಲಿ ಅದು ‘ಆಳು’. ತನ್ನ ಯಜಮಾನನ ನೆನಪನ್ನು ಕೋಣೆಯಲ್ಲಿ ಜೋಡಿಸಿಡುವುದು, ಕೇಳಿದಾಗ ತೆಗೆದುಕೊಡುವುದು, ಇಷ್ಟೇ ಅದರ ಕೆಲಸ. ಒಂದು ಆಳು ಇನ್ನೊಂದರ ಕೋಣೆಗೆ ಕಾಲಿಡುವಂತಿಲ್ಲ, ಇಣುಕುವಂತೆಯೂ ಇಲ್ಲ.

ಆದರೆ ಗಂಡ ಹೆಂಡತಿ, ತಂದೆ ಮಗ ಎಂದ ಮೇಲೆ ಕೂಡಿ ಬಾಳಿದ್ದೂ ಇರುತ್ತದಲ್ಲ? ಅದನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ನಕಲು ಮಾಡೋಣವೆಂದರೆ ಕಾನೂನು ಅಡ್ಡ ಬಂತು. ಮೊದಮೊದಲು ಸತ್ತವರ ನೆನಪುಗಳ ನಕಲು ಸಂತೆಯ ಸೊಪ್ಪಿನಂತೆ ಬೀದಿಯಲ್ಲಿ ಮಾರಾಟವಾಗಿ ಜನ ದಂಗೆಯೆದ್ದಿದ್ದರು. ಹಾಗಾಗಿ ಒಂದು ನೆನಪಿಗೆ ಒಂದೇ ಪ್ರತಿ. ಎಂಜಿನಿಯರುಗಳು ತಲೆ ಓಡಿಸಿ ಕೋಣೆಗಳ ಹೊರಗೆ, ಮನೆಗೊಂದರಂತೆ, ಆ ಮನೆಯವರೆಲ್ಲರಿಗೂ ನಿಲುಕುವ ಕಟ್ಟೆ ಕಟ್ಟಿದರು. ಅದಕ್ಕೆ ಜಗಲಿ ಎಂದು ಹೆಸರಾಯಿತು. ಇಬ್ಬರದೂ ಆದ ನೆನಪನ್ನು ಜಗಲಿಯಲ್ಲಿಟ್ಟರೆ ಅದು ಕೋಣೆಯಲ್ಲಿ ಉಳಿಯುವುದಿಲ್ಲ. ಬೇಕಾದವರು ಬಿಲ್ಲೆಯ ಮೂಲಕ, ಮನಸ್ಸಿನಲ್ಲೇ, ಜಗಲಿಗೆ ಬಂದು ಕೂರಬೇಕು. ಕೂತವರೆಷ್ಟು ಎಂಬ ಅಂಕಿ ಜಗಲಿಯ ತಲೆಯ ಮೇಲಿರುತ್ತದೆ. ಒಬ್ಬರು ಕೂತರೆ ಒಂದು ಏರುತ್ತದೆ, ಎದ್ದರೆ ಒಂದು ಇಳಿಯುತ್ತದೆ. ಸೊನ್ನೆಯಾದರೆ ಜಗಲಿ ಯಾರದೂ ಅಲ್ಲ. ಗುಡಿಸುವ ಪ್ರೊಸೆಸ್ ಒಂದು ಸದಾ ಸುತ್ತು ಹಾಕುತ್ತಿರುತ್ತದೆ. ಸೊನ್ನೆ ಕಂಡಲ್ಲಿ ಪೊರಕೆ ಆಡಿಸಿ ಮುಂದೆ ಹೋಗುತ್ತದೆ. ಗುಡಿಸಿದ್ದು ಮತ್ತೆ ಸಿಗುವುದಿಲ್ಲ.

ಬೆಟಗೇರಿಯ ನೀಲಗಂಗಾಳ ಗಂಡ ಮಹಾಂತೇಶ ಗಾಳಿಯಂತ್ರದ ಮೆಕ್ಯಾನಿಕ್ ಆಗಿದ್ದ. ಒಂದು ಬೆಳಿಗ್ಗೆ ಯಂತ್ರದ ತುದಿಗೆ ಹತ್ತಿದವನಿಗೆ ಅಲ್ಲೇ ಎದೆನೋವು ಬಂತು. ಇಳಿಸುವಷ್ಟರಲ್ಲಿ ಜೀವ ಹೋಗಿತ್ತು. ನೀಲಗಂಗಾ ಆಗ ಏಳು ತಿಂಗಳ ಬಸುರಿ. ಸತ್ತವನ ಆಳನ್ನು ಕಾನೂನಿನಂತೆ ನಿಲ್ಲಿಸಿದರು, ಅವನ ಕೋಣೆಗೆ ಬೀಗ ಬಿತ್ತು. ಉಳಿದದ್ದು ಜಗಲಿಯಲ್ಲಿದ್ದಷ್ಟು ಮಾತ್ರ. ಆ ಜಗಲಿಗೆ ಹಕ್ಕುದಾರರು ಇಬ್ಬರೇ, ಹೆಂಡತಿ ನೀಲಗಂಗಾ ಮತ್ತು ತಂದೆ ಅಂದಾನಪ್ಪ.

ಅಲ್ಲಿ ಏನೇನಿತ್ತು? ಅಂದಾನಪ್ಪನವರು ರೈಲಿನ ಡ್ರೈವರ್ ಆಗಿದ್ದಾಗ ಪುಟ್ಟ ಮಹಾಂತೇಶ ಎಂಜಿನ್ನಿನಲ್ಲಿ ಕೂತು ಹಾರ್ನ್ ಒತ್ತಿ ಕೇಕೆ ಹಾಕಿದ್ದು ಇತ್ತು. ಖಾರ ಹೆಚ್ಚಾದ ಬದನೆಕಾಯಿ ಪಲ್ಯಕ್ಕಾಗಿ ಗಂಡ ಹೆಂಡತಿ ಜಗಳವಾಡಿ ನಕ್ಕದ್ದು ಇತ್ತು. ಎಲ್ಲಕ್ಕಿಂತ ಮಿಗಿಲಾಗಿ, ಸಾಯುವ ಹಿಂದಿನ ವಾರ ಅವನು ಹೆಂಡತಿಯ ಹೊಟ್ಟೆಗೆ ಬಾಯಿ ಹಚ್ಚಿ, ಒಳಗಿನ ಕೂಸಿನೊಂದಿಗೆ ಆಡಿದ ಮಾತು ಇತ್ತು. ಆ ಕೂಸೇ ಪಾರಿ. ಈಗ ನಾಲ್ಕರ ಹುಡುಗಿ. ಏಳು ತುಂಬುವ ತನಕ ಮಕ್ಕಳಿಗೆ ಬಿಲ್ಲೆ ಹಾಕುವಂತಿಲ್ಲ. ಅಪ್ಪ ತನಗೇ ಆಡಿದ ಮಾತನ್ನು ಅವಳು ಕೇಳಬೇಕಾದರೆ ಇನ್ನೂ ಮೂರು ವರ್ಷ ಆ ಜಗಲಿ ಬರಿದಾಗದಂತೆ ಕಾಯಬೇಕು.

ಕಾಯುವುದೇನೂ ಸುಲಭವಲ್ಲ. ಅರ್ಧ ದಿನಕ್ಕಿಂತ ಹೆಚ್ಚು ಕೂತರೆ ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ. ಅದಕ್ಕೇ ಹಗಲು ಸೊಸೆ, ದೀಪ ಹಚ್ಚುವ ಹೊತ್ತಿನಿಂದ ಬೆಳಗಿನ ತನಕ ಮಾವ. ಕೂತೇ ಅಡಿಗೆ ಮಾಡಬಹುದು, ಕೂತೇ ನಿದ್ದೆ ಮಾಡಬಹುದು. ಸತ್ತವನು ಪಕ್ಕದ ಕೋಣೆಯಲ್ಲಿ ಏನೋ ಮಾಡಿಕೊಂಡಿದ್ದಾನೆ ಎಂಬಷ್ಟು ಇರವು ಮಾತ್ರ ತಿಳಿಯುತ್ತದೆ. ಮನಸ್ಸು ಕೊಟ್ಟರೆ ಮಾತು ಕೇಳುತ್ತದೆ. ಒಮ್ಮೊಮ್ಮೆ ಕೊಡದಿದ್ದರೂ ಕೇಳುತ್ತದೆ.

ಹಗೇವಿನ ಕಂಟ್ರೋಲ್ ರೂಮಿನಲ್ಲಿ ಸಂಜೆಯ ಪಾಳಿಯ ಎಂಜಿನಿಯರ್ ತಾರಾ ಬಡಿಗೇರ. ಅವಳಿಗೆ ಈ ಜಗಲಿ ಕಣ್ಣಿಗೆ ಬಿದ್ದದ್ದು ಅಕಸ್ಮಾತ್ತಾಗಿ. ಎಲ್ಲರ ಜಗಲಿಯಲ್ಲೂ ಪಾಳಿ ಬದಲಾಗುವಾಗ ಅಂಕಿ ಒಂದರಿಂದ ಎರಡಾಗುತ್ತದೆ, ಮತ್ತೆ ಒಂದಾಗುತ್ತದೆ. ಬರುವವರು ಕೂರುತ್ತಾರೆ, ಆಮೇಲೆ ಇದ್ದವರು ಏಳುತ್ತಾರೆ. ಇಲ್ಲಿ ಮಾತ್ರ ಒಂದರಿಂದ ಸೊನ್ನೆಯಾಗಿ, ಒಂದೆರಡು ಉಸಿರಿನ ನಂತರ ಮತ್ತೆ ಒಂದಾಗುತ್ತಿತ್ತು. ದಿನಕ್ಕೆ ಎರಡು ಸಲ, ವರ್ಷಗಟ್ಟಲೆ. ಪೊರಕೆ ಆ ಗಳಿಗೆಯಲ್ಲಿ ಬೇರೆಲ್ಲೋ ಇತ್ತು ಎಂಬ ಒಂದೇ ಪುಣ್ಯದಿಂದ ಜಗಲಿ ಉಳಿದಿತ್ತು.

ತಾರಾ ಮೇಲಧಿಕಾರಿ ಫಿರೋಜ್ ನದಾಫರನ್ನು ಕರೆದು ತೋರಿಸಿದಳು. ಅವರು ಚಹಾದ ಕಪ್ಪು ಕೈಯಲ್ಲೇ ಹಿಡಿದು ಬಗ್ಗಿ ನೋಡಿದರು.

“ಇವರು ಹಿಂಗ್ಯಾಕ ಏಳತಾರ? ಬರಾವ್ರು ಬಂದ್ ಕುಂತ್ ಮ್ಯಾಲ ಏಳಬೇಕಲ್ಲ?”

“ಅದನ್ನ ಕೇಳಾಕ ಹೊಂಟೀನ್ರಿ ಸರ್. ಬರೂ ವಾರ ಹೊಸ ಪೊರಕಿ ಬರ್ತೈತಿ ಅಂತೀರಿ. ಅದು ಈಗಿನಕ್ಕಿಂತ ಹತ್ತು ಪಟ್ಟು ಜೋರು. ಅದರ ಕೈಯಾಗ ಸಿಕ್ರ ಮುಗೀತು.”

“ನಮ್ಮದs ಒಂದು ಆಳು ಮೂರನೇದಾಗಿ ಕುಂದ್ರಿಸಿಬಿಟ್ರ?” ಎಂದವರು ತಾವೇ ತಲೆಯಾಡಿಸಿದರು. “ಮನಿಯವರ ಒಪ್ಪಿಗಿ ಇಲ್ದ ಹಂಗ ಮಾಡಿದ್ರ ನಾವಿಬ್ರೂ ಜೈಲಾಗ ಚಹಾ ಕುಡೀಬೇಕಾಗ್ತೈತಿ. ಹೋಗಿ ಒಪ್ಪಿಗಿ ಕೇಳು.”

ಬೆಟಗೇರಿಯ ಆ ಮನೆ ಎರಡು ಖೋಲಿಯದು. ಹೊರಗಿನ ಖೋಲಿಯಲ್ಲಿ ಅಂದಾನಪ್ಪನವರ ಮಂಚ, ಒಳಗಿನದರಲ್ಲಿ ಅಡಿಗೆ. ತಾರಾ ಹೋದಾಗ ಅಂದಾನಪ್ಪ ಹೊರಗಿನಿಂದ ಬರುತ್ತಿದ್ದರು. ಬಾಗಿಲ ಬಳಿ ನಿಂತು ಗಟ್ಟಿಯಾಗಿ ಒಮ್ಮೆ ಕೆಮ್ಮಿದರು. ಹೊರಗಿನ ಖೋಲಿಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ನೀಲಗಂಗಾ ಮೊರ ಎತ್ತಿಕೊಂಡು ಒಳಗೆ ಸರಿದಳು. ಅವಳು ಸರಿದ ಮೇಲೆಯೇ ಮಾವ ಹೊಸಿಲು ದಾಟಿದರು. ತಾರಾಗೆ ಅಲ್ಲೇ ಎಲ್ಲ ಅರ್ಥವಾಯಿತು.

ಹಗೇವು ಕಟ್ಟಿದವರು ಜಗಲಿಯನ್ನು ಪರೀಕ್ಷೆ ಮಾಡಿದ್ದು ಕಚೇರಿಯ ಹುಡುಗ ಹುಡುಗಿಯರನ್ನು ಕೂರಿಸಿ. ಅವರು ಒಬ್ಬರ ಪಕ್ಕ ಒಬ್ಬರು ಕೂತು ಹರಟೆ ಹೊಡೆಯುವವರು. ಮಾವ ಬಂದರೆ ಸೊಸೆ ಏಳುತ್ತಾಳೆ, ಸೊಸೆ ಏಳುವ ತನಕ ಮಾವ ಕಾಲಿಡುವುದಿಲ್ಲ ಎಂಬುದು ಯಾವ ನಕ್ಷೆಯಲ್ಲಿಯೂ ಇರಲಿಲ್ಲ. ಬರುವವರು ಮೊದಲೇ ಸುಳಿವು ಕೊಡಲೆಂದು ಬಿಲ್ಲೆಯಲ್ಲಿ ಗಂಟೆಯ ಸದ್ದೊಂದನ್ನು ಇಟ್ಟಿದ್ದರು. ಬೇಕಾದರೆ ಬೇರೆ ಸದ್ದನ್ನೂ ಇಟ್ಟುಕೊಳ್ಳಬಹುದಿತ್ತು. ಅಂದಾನಪ್ಪನವರು ತಮ್ಮ ಕೆಮ್ಮನ್ನೇ ಇಟ್ಟುಕೊಂಡಿದ್ದರು.

ತಾರಾ ಹೊರಗಿನ ಖೋಲಿಯಲ್ಲಿ ಕೂತು ವಿಷಯ ತಿಳಿಸಿದಳು. ನೀಲಗಂಗಾ ಒಳಬಾಗಿಲಿಗೆ ಆತು ನಿಂತು ಕೇಳಿಸಿಕೊಂಡಳು. ಪಾರಿ ಅಜ್ಜನ ಮಡಿಲಲ್ಲಿ ಕೂತು ಅವರ ಮೀಸೆ ಎಳೆಯುತ್ತಿದ್ದಳು.

“ನೋಡವ್ವಾ,” ಎಂದರು ಅಂದಾನಪ್ಪ, “ನಾ ಮೂವತ್ತು ವರ್ಷ ಗಾಡಿ ಹೊಡದಾಂವ. ಮುಂದಿನ ಗಾಡಿ ದಾಟಿ ಲೈನ್ ಕ್ಲಿಯರ್ ಅಂದ್ ಮ್ಯಾಲs ನಾ ಮುಂದ ಹೋಗಾಂವ. ಹೆಣಮಗಳು ಕುಂತಲ್ಲಿ ಹೋಗಿ ತಟ್ಟನ ಕುಂದ್ರೂದು ನಮ್ಮ ಮನ್ಯಾಗ ಇಲ್ಲ.”

“ಹಂಗಾರ ನಮ್ಮದೊಂದು ಆಳು ಕುಂದ್ರಿಸ್ಲೇನ್ರಿ? ನೀವು ಹೂಂ ಅಂದ್ರ ಸಾಕು.”

ಅವರು ಒಳಬಾಗಿಲ ಕಡೆ ನೋಡಿದರು. ನೀಲಗಂಗಾ ತಲೆ ತಗ್ಗಿಸಿದಳು.

“ಅವನ ಮಾತು ಮಂದಿ ಕಿವಿಗೆ ಬೀಳೂದು ಬ್ಯಾಡವ್ವಾ,” ಎಂದರು ಅಂದಾನಪ್ಪ.

“ಆತ್ರಿ. ಹಂಗಾರ ನೀವಿಬ್ರೂ ಒಂದ ನಿಮಿಷ ಕೂಡಿ ಕುಂದ್ರಿ. ನೀವು ಕುಂತ್ ಮ್ಯಾಲ ಅಕ್ಕಾರು ಏಳಲಿ. ಅಷ್ಟs.”

ಇಬ್ಬರೂ ಹೂಂ ಎಂದರು. ಹೂಂ ಎನ್ನುವುದಕ್ಕೇನು, ಬಂದವರಿಗೆ ಇಲ್ಲ ಎಂದು ಹೇಳಿ ಕಳಿಸುವ ಮಂದಿಯಲ್ಲ ಅವರು.

ಆದರೆ ಅವರು ಪ್ರಯತ್ನ ಮಾಡಲಿಲ್ಲ ಎಂದರೆ ಅನ್ಯಾಯವಾಗುತ್ತದೆ. ಅಂದು ಸಂಜೆ ಕೆಮ್ಮು ಕೇಳಿದಾಗ ನೀಲಗಂಗಾ ಗಟ್ಟಿ ಮನಸ್ಸು ಮಾಡಿ ಕೂತೇ ಇದ್ದಳು. ಅಂದಾನಪ್ಪನವರೂ ಕಣ್ಣು ಮುಚ್ಚಿಕೊಂಡು ಬಂದು ಕೂತರು. ಜಗಲಿಯ ಅಂಕಿ ಮೊದಲ ಬಾರಿಗೆ ಎರಡಾಯಿತು. ಎಲ್ಲಿತ್ತೋ ಏನೋ, ಅದೇ ಹೊತ್ತಿಗೆ ಮಹಾಂತೇಶನ ದನಿ ತೇಲಿ ಬಂತು. “ನೀಲೂ, ಎಷ್ಟೊತ್ತಲೇ? ಬಾಗಲಾ ಹಾಕ್ಕೊಂಡು ಬಾ.”

ನೀಲಗಂಗಾ ಬೆಂಕಿ ತುಳಿದವಳಂತೆ ಎದ್ದಳು. ಅಂದು ಒಲೆಯ ಮೇಲಿನ ರೊಟ್ಟಿ ಕರಕಲಾಯಿತು. ಮಾವ ಊಟಕ್ಕೆ ಬಂದಾಗ ತಟ್ಟೆಯಿಂದ ತಲೆ ಎತ್ತಲಿಲ್ಲ, ಸೊಸೆ ಬಡಿಸುವಾಗ ಸೆರಗಿನಿಂದ ಮುಖ ಹೊರಗೆ ತರಲಿಲ್ಲ. ಅವನ ದನಿ ಕೇಳಿ ಮನಸಾರೆ ಅತ್ತು ಹಗುರಾಗಬೇಕಾದವರು ಇಬ್ಬರೂ ನಾಚಿಕೆಯಿಂದ ಕುಗ್ಗಿಹೋದರು. ಇನ್ನೆಂದೂ ಆಕೆ ಏಳದೆ ತಾನು ಕೂರಬಾರದು ಎಂದು ಅಂದಾನಪ್ಪ ನಿಶ್ಚಯಿಸಿದರು. ನೀಲಗಂಗಾ ಮಾತ್ರ ದಿನಾ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಆ ಎಂಜಿನಿಯರಮ್ಮ ಮನೆತನಕ ಬಂದು ಹೇಳಿದ್ದಾಳೆ, ಪಾರಿಯ ಸಲುವಾಗಿಯಾದರೂ ಮಾನ ಬಿಟ್ಟು ಒಂದು ನಿಮಿಷ ಕೂರಬಾರದೇ ಎಂದು.

ಮುಂದಿನ ವಾರ ಹೊಸ ಪೊರಕೆ ಬಂತು. ಅದರ ವೇಗಕ್ಕೆ ಮೇಲಿನವರಿಂದ ನದಾಫರಿಗೆ ಶಹಬ್ಬಾಸ್ ಸಿಕ್ಕಿತು. ಅವರು ಶಹಬ್ಬಾಸ್ ತೆಗೆದುಕೊಂಡು, ಒಳಗೊಳಗೇ ಅಂಜಿ, ಬೆಟಗೇರಿಯ ಜಗಲಿಗೆ ಎಚ್ಚರಿಕೆಯ ಗಂಟೆ ಕಟ್ಟಲು ತಾರಾಗೆ ಹೇಳಿದರು. ಅಂಕಿ ಸೊನ್ನೆಯಾದರೆ ಅವಳ ಮೇಜಿನ ಮೇಲೆ ಗಂಟೆ ಬಾರಿಸಬೇಕು. ಅದಕ್ಕಿಂತ ಹೆಚ್ಚಿನದನ್ನು ಮಾಡಲು ಕಾನೂನು ಬಿಡಲಿಲ್ಲ. ಮೊದಲ ಎರಡು ದಿನ ಗಂಟೆ ಟಿಣ್ ಎಂದು ಸುಮ್ಮನಾಯಿತು.

ಮೂರನೆಯ ದಿನ ನೀಲಗಂಗಾ, ಮಹಾಂತೇಶರ ಮದುವೆಯಾದ ತಾರೀಖು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮಧ್ಯಾಹ್ನ ಅವಳು ಶಾವಿಗೆ ಪಾಯಸ ಮಾಡಿದ್ದಳು. ಅಂದಾನಪ್ಪ ಒಂದು ತುತ್ತು ಬಾಯಿಗಿಟ್ಟು, ಇವತ್ತು ಯಾವ ದಿನವೆಂದು ತಿಳಿದು, ಇನ್ನೊಂದು ಬಟ್ಟಲು ಹಾಕಿಸಿಕೊಂಡಿದ್ದರು.

ದೀಪ ಹಚ್ಚುವ ಹೊತ್ತಿಗೆ ಅವರು ಮಂಚದ ಮೇಲೆ ಕೂತು, ಮನಸ್ಸಿನಲ್ಲೇ ಜಗಲಿಯ ಬದಿಗೆ ಬಂದು, ಬಿಲ್ಲೆಯ ಕೆಮ್ಮು ಕೆಮ್ಮಿದರು. ನೀಲಗಂಗಾ ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಕೆಮ್ಮು ಕೇಳಿತು. ಇವತ್ತು ಏಳುವುದಿಲ್ಲ, ಮಾವನವರು ಕೂರಲಿ, ಆಮೇಲೆ ಏಳುತ್ತೇನೆ ಎಂದು ಹಲ್ಲು ಕಚ್ಚಿ ಕೂತಳು.

ಅಂದಾನಪ್ಪ ಕಾದರು. ಲೈನ್ ಕ್ಲಿಯರ್ ಆಗಲಿಲ್ಲ. ಇನ್ನೊಮ್ಮೆ ಕೆಮ್ಮಲು ಮನಸ್ಸಾಗಲಿಲ್ಲ. ಪಾಪ, ಇವತ್ತು ಅವರಿಬ್ಬರ ದಿನ. ಇನ್ನಷ್ಟು ಹೊತ್ತು ಗಂಡನ ಜೋಡಿ ಇರಲಿ, ನಾನು ಹೋಗಿ ಎಬ್ಬಿಸುವುದೇ ಎಂದುಕೊಂಡರು. ಸದ್ದಾಗದಂತೆ ಚಪ್ಪಲಿ ಮೆಟ್ಟಿ ಸ್ಟೇಷನ್ನಿನ ಕಡೆ ನಡೆದುಬಿಟ್ಟರು. ಅಲ್ಲಿ ಹುಬ್ಬಳ್ಳಿ ಗಾಡಿ ನೋಡಿ ಬಂದರೆ ಹೊತ್ತು ಹೋಗುತ್ತದೆ ಎಂದು.

ಇತ್ತ ನೀಲಗಂಗಾಳ ಕೈ ಹಿಟ್ಟಿನಲ್ಲೇ ನಿಂತಿತು. ಮಾವನವರು ಎಷ್ಟು ಹೊತ್ತಿನಿಂದ ನಿಂತಿದ್ದಾರೋ. ವಯಸ್ಸಾದ ಜೀವ. ಮೊನ್ನೆ ಆದ ಅವಮಾನ ಸಾಲದೆಂದು ಇವತ್ತೂ ಅವರ ಎದುರು ಕಾಲು ಚಾಚಿ ಕೂತೆನೇ? ಅವಳ ಧೈರ್ಯವೆಲ್ಲ ಕರಗಿತು. ಎದ್ದಳು. ಎದ್ದವರಿಗೆ ಜಗಲಿಯಲ್ಲಿ ಯಾರಿದ್ದಾರೆ ಎಂಬುದು ಕಾಣುವುದಿಲ್ಲ. ಮಾವ ಕೂತಿರುತ್ತಾರೆ ಎಂದು ನಂಬಿ ಅವಳು ರೊಟ್ಟಿ ಬಡಿಯತೊಡಗಿದಳು.

ಹಗೇವಿನಲ್ಲಿ ಗಂಟೆ ಬಾರಿಸಿತು. ಒಂದು ಉಸಿರು ಕಳೆಯಿತು, ಎರಡು ಕಳೆಯಿತು, ಗಂಟೆ ನಿಲ್ಲಲಿಲ್ಲ. ತಾರಾ ಫೋನ್ ಹಚ್ಚಿದಳು.

“ಅಕ್ಕಾರ, ಜಗಲಿ ಮ್ಯಾಲ ಯಾರೂ ಇಲ್ರಿ! ಲಗೂನ ಕುಂದ್ರಿ!”

“ಇಲ್ರೀ, ಮಾವಾರು ಕುಂತಾರ್ರಿ.”

“ಇಲ್ಲಕ್ಕಾರ, ನಾ ನೋಡಾಕತ್ತೀನಿ!”

“ಪಾರೀ, ಅಜ್ಜ ಮಂಚದ ಮ್ಯಾಲ ಅದಾರೇನು ನೋಡು,” ಎಂದಳು ನೀಲಗಂಗಾ. ಮಾವನವರು ಕೂತಿರುವಾಗ ತಾನೂ ಹೋಗಿ ಕೂತರೆ ಮತ್ತೆ ಮೊನ್ನೆಯದೇ ಕಥೆಯಾದೀತು ಎಂದು ಆಗಲೂ ಅವಳಿಗೆ ಅಳುಕು. ಪಾರಿ ಓಡಿ ಹೋಗಿ, “ಅಜ್ಜಾ ಇಲ್ಲ!” ಎಂದು ಕೂಗಿದಳು.

ತಾರಾಳ ಬೆರಳು ಕೀಲಿಯ ಮೇಲಿತ್ತು. ಒಂದೇ ಒಂದು ಒತ್ತು. ಹಗೇವಿನ ಆಳು ಹೋಗಿ ಕೂತುಬಿಡುತ್ತಿತ್ತು. ಕಾನೂನಿಗಿಂತ ಹೆಚ್ಚಾಗಿ ಅವಳನ್ನು ಹಿಡಿದದ್ದು ಆ ಮುದುಕರ ಮಾತು. ಮಂದಿ ಕಿವಿಗೆ ಬೀಳೂದು ಬ್ಯಾಡವ್ವಾ. ಅವರು ಬ್ಯಾಡ ಎಂದದ್ದನ್ನು ಮೀರುವುದು ಹೇಗೆ ಎಂದು ಅವಳು ಒಂದು ಗಳಿಗೆ ತಡೆದಳು. ಆಮೇಲೆ ಏನಾದರಾಗಲಿ ಎಂದು ಒತ್ತಿದಳು.

ಅಷ್ಟರಲ್ಲೇ ಪೊರಕೆ ಆಡಿ ಹೋಗಿ ಗಂಟೆ ನಿಂತಿತ್ತು. ಇಂಥ ಜಗಲಿ ಇಲ್ಲ ಎಂದು ಪರದೆ ತೋರಿಸಿತು. ಫೋನಿನ ಆ ಕಡೆಯಿಂದ ನೀಲಗಂಗಾಳ ದನಿ ಬಂತು. “ಕುಂದ್ರಾಕ ಬರವಲ್ದುರೀ. ಎಲ್ಲಿ ಹೋತ್ರೀ ಅದು? ನನಗ ಏನೂ ಕೇಳವಲ್ದು. ಎವ್ವಾ, ಏನರ ಮಾಡ್ರಿ.”

ಗಂಟೆಯ ಸದ್ದಿಗೆ ಓಡಿ ಬಂದಿದ್ದ ನದಾಫರು ತಾರಾಳ ಕೈಯಿಂದ ಫೋನ್ ತೆಗೆದುಕೊಂಡರು. ಸುತ್ತಲ ಜಿಲ್ಲೆಗಳ ನೆನಪೆಲ್ಲ ಕಾಯುವ ಕಟ್ಟಡದಲ್ಲಿ ಇಬ್ಬರು ಓದಿದವರು ಫೋನ್ ಹಿಡಿದುಕೊಂಡು ಅತ್ತರು.

ಅಂದಾನಪ್ಪ ಮರಳಿದಾಗ ಕೈಯಲ್ಲಿ ಪೇಢೆಯ ಪೊಟ್ಟಣವಿತ್ತು. ಮದುವೆಯ ದಿನ ಮಗ ತಪ್ಪದೆ ತರುತ್ತಿದ್ದದ್ದು. ಸೊಸೆಯ ಕೈಗೆ ಕೊಡಲು ಸಂಕೋಚವಾಗಿ ಪಾರಿಯ ಕೈಗೆ ಕೊಡೋಣವೆಂದುಕೊಂಡು ಬಂದಿದ್ದರು. ಬಾಗಿಲ ಬಳಿ ನಿಂತು ಕೆಮ್ಮಿದರು. ಹೊರಗಿನ ಖೋಲಿಯ ನೆಲದ ಮೇಲೆ, ಹಿಟ್ಟಿನ ಕೈಯಲ್ಲೇ ಕೂತಿದ್ದ ನೀಲಗಂಗಾ ಏಳಲಿಲ್ಲ.

“ಹೋತ್ರೀ ಮಾವಾರ,” ಎಂದಳು. “ನೀವು ಕುಂತೀರಿ ಅಂತ ನಾ ಎದ್ದೆ.”

“ನೀ ಕುಂತೀಯಲಾ ಅಂತ ನಾ ಹೋದ್ನೆವ್ವಾ,” ಎಂದರು ಅಂದಾನಪ್ಪ. ಹೊಸಿಲ ಮೇಲೆಯೇ ಕೂತರು.

ಅವತ್ತು ಮಹಾಂತೇಶ ಎರಡನೆಯ ಸಲ ಸತ್ತ. ಮೊದಲ ಸಲ ಊರೇ ಬಂದಿತ್ತು. ಈ ಸಲ ಯಾರಿಗೆಂದು ಹೇಳಿಕಳಿಸುವುದು?

ಅಂದಾನಪ್ಪ ಬಿಲ್ಲೆ ತೆಗೆದು ಗೂಡಿನಲ್ಲಿಟ್ಟರು. ಮುಂದಿನ ವಾರಗಳಲ್ಲಿ ತಾರಾ ಎರಡು ಸಲ ಬಂದು, ಪಾರಿಗೆ ಬಳೆ ತೊಡಿಸಿ, ತಾನು ಒಂದು ಗಳಿಗೆ ತಡೆದದ್ದನ್ನು ಹೇಳದೆ ಹೋದಳು. ನೀಲಗಂಗಾ ಒಲೆಯ ಮುಂದೆ ಕೂತು ಆ ಮಾತನ್ನು ನೆನಪಿಸಿಕೊಳ್ಳಲು ನೋಡುತ್ತಿದ್ದಳು. ಬಿಲ್ಲೆ ಬಂದ ಮೇಲೆ ಯಾರೂ ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಜಗಲಿಯಲ್ಲಿದೆಯಲ್ಲ, ಬೇಕಾದಾಗ ಕೇಳಿದರಾಯಿತು ಎಂಬ ಧೈರ್ಯ. ಅವಳು ಅದನ್ನು ನೂರಾರು ಸಲ ಕೇಳಿದ್ದಳು, ಕಲಿತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅಂದಾನಪ್ಪ ಅಡಿಗೆಮನೆಯ ಬಾಗಿಲಿಗೆ ಬಂದರು. ಅಭ್ಯಾಸದಂತೆ ಕೆಮ್ಮು ಗಂಟಲಿಗೆ ಬಂತು. ನುಂಗಿಕೊಂಡರು. ಒಳಗೆ ಬಂದು ಒಲೆಯ ಎದುರು ನೆಲದ ಮೇಲೆ ಕೂತರು. ಆ ಮನೆಗೆ ಬಂದಾಗಿನಿಂದ ನೀಲಗಂಗಾ ಅವರನ್ನು ಅಡಿಗೆಮನೆಯಲ್ಲಿ ಕಂಡಿರಲಿಲ್ಲ. ಗಡಬಡಿಸಿ ಏಳಹೋದಳು.

“ಕುಂದ್ರವ್ವಾ. ಏಳಬ್ಯಾಡ.”

ಅವಳು ಕೂತಳು. ಪಾರಿ ಬಂದು ಇಬ್ಬರ ನಡುವೆ ತೂರಿಕೊಂಡಳು.

“ಕೂಸಿನ ಜೋಡಿ ಅವ ಏನೋ ಮಾತಾಡಿದ್ದ ಅಂತಿದ್ದಿಯಲ್ಲ,” ಎಂದರು ಅಂದಾನಪ್ಪ. “ನಾ ಅದನ್ನ ಒಮ್ಮಿನೂ ಕೇಳಿಲ್ಲ. ಗಂಡ ಹೆಣ್ತಿ ಮಾತು ಅಂತ ಆ ಕಡೆ ಹೋಗಿಲ್ಲ. ಕೇಳಿದ್ರ ಚೊಲೋ ಇತ್ತು. ಈಗ ನೀ ಹೇಳು.”

“ಅಷ್ಟೂ ನೆನಪಿಲ್ರೀ ಮಾವಾರ.”

“ಇದ್ದಷ್ಟು ಹೇಳು. ನಾಚಬ್ಯಾಡ.”

ಹಂಚಿನ ಮೇಲಿನ ರೊಟ್ಟಿ ಉಬ್ಬಿತು. ಅದನ್ನು ತೆಗೆಯದೆ ನೀಲಗಂಗಾ ಹೇಳತೊಡಗಿದಳು. “ಏ ಸಣ್ಣಾಕಿ ಅಂದ್ರು. ಹೆಣ್ಣು ಅಂತ ಅವರಿಗೆ ಹೆಂಗ ಗೊತ್ತಾತೋ. ಲಗೂನ ಬಾ ಅಂದ್ರು. ನೀ ದೊಡ್ಡಾಕಿ ಆದ್ ಮ್ಯಾಲ ಗಾಳಿ ಯಂತ್ರದ ತುದೀಗೆ ಕರಕೊಂಡು ಹೋಗ್ತೀನಿ, ನಿಮ್ಮವ್ವಗ ಹೇಳಬ್ಯಾಡ ಅಂದ್ರು. ಅಲ್ಲಿಂದ ನಿನಗ...”

ಅಲ್ಲಿಗೆ ನಿಂತಿತು. ಅವಳು ಕಣ್ಣು ಮುಚ್ಚಿದಳು, ತುಟಿ ಆಡಿಸಿದಳು, ಮತ್ತೆ ಮೊದಲಿನಿಂದ ಶುರುಮಾಡಿ ಅದೇ ಜಾಗಕ್ಕೆ ಬಂದು ನಿಂತಳು.

“ಅಲ್ಲಿಂದ ನಮ್ಮ ಗಾಡಿ ಕಾಣಸ್ತೈತಿ ಅಂತ ನನಗೊಮ್ಮೆ ಹೇಳಿದ್ದ,” ಎಂದರು ಅಂದಾನಪ್ಪ. “ಅದs ಇರಬೇಕೇನವ್ವಾ?”

“ಇರಬೋದ್ರಿ. ಗೊತ್ತಿಲ್ರಿ.”

ಪಾರಿ ಅವ್ವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಅಲ್ಲಿಂದ ನನಗ ಏನು ತೋರಸ್ತೀನಿ ಅಂದ, ಅಪ್ಪ?”

ಮಾವ ಸೊಸೆ ಮೊದಲ ಬಾರಿಗೆ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ಗೊತ್ತಿರಲಿಲ್ಲ.